ಒಂಬತ್ತು ಅಂಕಣಗಳ ಅಭ್ಯಾಸ: ಆರ್ಕಿಟೆಕ್ಚರ್ ಮೊದಲ ವರ್ಷದಲ್ಲಿ ಅವಕಾಶ ಮತ್ತು ರೂಪವನ್ನು ಅರಸುವ ಬಗೆ

ಐದು ವರ್ಷಗಳ ಬಿ.ಆರ್ಕ್ ಪದವಿಗೆ ಸೇರಿದ ವಿದ್ಯಾರ್ಥಿಯನ್ನು ಮೊದಲ ಸೆಮಿಸ್ಟರಿನಲ್ಲಿಯೇ ಒಂದು ಗೊಂದಲ ಎದುರುಗೊಳ್ಳುತ್ತದೆ. ಮನೆಯನ್ನೋ ಶಾಲೆಯನ್ನೋ ವಿನ್ಯಾಸ ಮಾಡುವ ಆಸೆಯಿಂದ ಬಂದವರ ಕೈಗೆ ಸ್ಟುಡಿಯೋದಲ್ಲಿ ಒಂದು ಚೌಕ, ಒಂದಷ್ಟು ಕಡ್ಡಿ, ಒಂದಷ್ಟು ಬೋರ್ಡು ಕೊಟ್ಟು, ‘ಸ್ಪೇಸ್ ಮತ್ತು ಫಾರ್ಮ್ ಅನ್ನು ಪರಿಶೋಧಿಸಿ’ ಎನ್ನುತ್ತಾರೆ. ಏನನ್ನು ಪರಿಶೋಧಿಸಬೇಕು, ಎಲ್ಲಿಂದ ತೊಡಗಬೇಕು, ಮುಗಿಯಿತೆಂದು ಯಾವಾಗ ತಿಳಿಯಬೇಕು ಎಂಬುದು ಸ್ಪಷ್ಟವಾಗುವ ಮೊದಲೇ ಜ್ಯೂರಿಯ, ಅಂದರೆ ಮಾಡಿದ ಕೆಲಸವನ್ನು ಪರೀಕ್ಷಕರ ಮುಂದಿಟ್ಟು ವಿವರಿಸುವ, ದಿನ ಬಂದುಬಿಡುತ್ತದೆ. ಈ ಬರಹ ಅಂಥ ಒಂದು ಅಭ್ಯಾಸವನ್ನು, ಅಂದರೆ ಒಂಬತ್ತು ಚೌಕಗಳ ಜಾಲವನ್ನು ಹಿಡಿದು ಮಾಡುವ ವಿನ್ಯಾಸವನ್ನು, ಮೊದಲಿಂದ ಕೊನೆಯವರೆಗೆ ನಡೆಸಿಕೊಂಡು ಹೋಗುತ್ತದೆ.

ಈ ಅಭ್ಯಾಸಕ್ಕೆ ಒಂದು ಚರಿತ್ರೆಯಿದೆ. 1950ರ ದಶಕದಲ್ಲಿ ಅಮೆರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಜಾನ್ ಹೇಡಕ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ರೂಪಿಸಿದರು. ಮುಂದೆ ನ್ಯೂಯಾರ್ಕಿನ ಕೂಪರ್ ಯೂನಿಯನ್‌ನಲ್ಲಿ ಹೇಡಕ್ ಇದನ್ನು ಮುಂದುವರಿಸಿದ್ದರಿಂದ ಜಗತ್ತಿನ ಅನೇಕ ಶಾಲೆಗಳಿಗೆ ಹಬ್ಬಿತು. ಆದರೆ ಒಂಬತ್ತು ಚೌಕಗಳ ನೆಲ ಕನ್ನಡಿಗರಿಗೆ ಹೊಸತಲ್ಲ. ಹೊಯ್ಸಳ ದೇಗುಲದ ನವರಂಗದೊಳಗೆ ನಿಂತವರು ಅದರಲ್ಲಿಯೇ ನಿಂತಿರುತ್ತಾರೆ: ನಡುವೆ ನಾಲ್ಕು ಕಂಬ, ಅವುಗಳಿಂದಾಗಿ ಒಂಬತ್ತು ಅಂಕಣ. ಕಂಬದಿಂದ ಕಂಬದವರೆಗಿನ ಎಡೆಯನ್ನು ಅಂಕಣವೆಂದು ಕರೆದು, ಮನೆಯ ಗಾತ್ರವನ್ನು ‘ಐದಂಕಣದ ಮನೆ’, ‘ಏಳಂಕಣದ ಮನೆ’ ಎಂದು ಹೇಳುವ ರೂಢಿ ನಮ್ಮ ಹಳ್ಳಿಗಳಲ್ಲಿತ್ತು. ಇಂಗ್ಲಿಷಿನ ‘ಬೇ’ ಎಂಬ ಪದಕ್ಕಿಂತ ಇದು ನಮಗೆ ಹತ್ತಿರದ್ದಾದ್ದರಿಂದ ಇಲ್ಲಿ ಅಂಕಣವೆಂದೇ ಬಳಸುತ್ತೇನೆ.

ಮೊದಲು ಎರಡು ಪದಗಳ ಇತ್ಯರ್ಥ

ಸ್ಪೇಸ್ ಎಂಬುದಕ್ಕೆ ನಾನು ‘ಅವಕಾಶ’ ಎಂಬ ಪದವನ್ನು ಆರಿಸಿಕೊಂಡಿದ್ದೇನೆ. ಈ ಪದವನ್ನು ಇಂದು ನಾವು ಸಂದರ್ಭ, ಅನುಕೂಲ ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಳಸುತ್ತೇವಾದರೂ ಅದರ ಹಳೆಯ ಅರ್ಥ ತೆರಪು, ಎಡೆ, ಜಾಗ ಎಂಬುದೇ. ಎರಡೂ ಅರ್ಥಗಳು ಒಂದೇ ಪದದಲ್ಲಿ ಕೂಡಿರುವುದು ವಿನ್ಯಾಸಕಾರನಿಗೆ ಲಾಭವೇ, ಏಕೆಂದರೆ ತೆರಪು ಎಂದರೆ ಏನಾದರೂ ನಡೆಯಲು ಬಿಟ್ಟ ಎಡೆ. ಎರಡನೆಯದು ರೂಪ. ಹಾಳೆಯ ಮೇಲಿನ ಚೌಕ, ವೃತ್ತ, ತ್ರಿಕೋನಗಳು ಆಕಾರಗಳು. ಅವು ಎತ್ತರ, ದಪ್ಪ, ನೆರಳುಗಳನ್ನು ಪಡೆದು ಸುತ್ತ ನಡೆದು ನೋಡಬಹುದಾದ ವಸ್ತುವಾದಾಗ ರೂಪವೆನಿಸುತ್ತವೆ.

ಮೊದಲ ವರ್ಷದವರ ಸಾಮಾನ್ಯ ತಪ್ಪು ಇಲ್ಲಿಂದಲೇ ಆರಂಭವಾಗುತ್ತದೆ. ಅವರು ರೂಪವನ್ನು ಮೊದಲು ಕಲ್ಪಿಸಿಕೊಂಡು, ಅದರ ಹೊಟ್ಟೆಯೊಳಗೆ ಉಳಿದ ಜಾಗವನ್ನು ಅವಕಾಶವೆಂದು ಕರೆಯುತ್ತಾರೆ. ಈ ಅಭ್ಯಾಸದಲ್ಲಿ ಆ ಕ್ರಮವನ್ನು ತಿರುಗಿಸಬೇಕು. ಯಾವ ಬಗೆಯ ತೆರಪು ಬೇಕೆಂದು ನಿರ್ಧರಿಸಿದ ಮೇಲೆ ಗೋಡೆ, ಕಂಬ, ಸೂರುಗಳನ್ನು ಅದರ ಅಂಚಿಗೆ ತಂದು ನಿಲ್ಲಿಸಬೇಕು. ಮುಂದಿನ ಹಂತಗಳೆಲ್ಲ ಈ ತಿರುವುಮುರುವನ್ನು ಕೈಗೆ ಕಲಿಸುವ ಉಪಾಯಗಳು.

ಹಂತ 1: ಅಳೆಯುವುದು

ಬೋರ್ಡು ಕತ್ತರಿಸುವ ಮೊದಲು ಒಂದು ವಾರ ಅಳತೆ ಪಟ್ಟಿ ಮತ್ತು ಸ್ಕೆಚ್ ಪುಸ್ತಕ ನಿಮ್ಮ ಜತೆಯಲ್ಲಿರಲಿ. ನೀವು ವಾಸಿಸುವ ಕೋಣೆ, ಮೆಟ್ಟಿಲು, ಹಾಸ್ಟೆಲಿನ ಮೊಗಸಾಲೆ, ಅಜ್ಜಿಯ ಮನೆಯ ಜಗುಲಿ ಇವೆಲ್ಲವನ್ನೂ ಅಳೆದು ಬರೆದುಕೊಳ್ಳಿ. ಬಾಗಿಲಿನ ಎತ್ತರ ಸಾಮಾನ್ಯವಾಗಿ 2.1 ಮೀಟರ್, ಹಾಯಾಗಿ ಹತ್ತುವ ಮೆಟ್ಟಿಲಿನ ಎತ್ತರ ಸುಮಾರು 15 ಸೆಂ.ಮೀ., ಅಗಲ 30 ಸೆಂ.ಮೀ., ಕಾಲು ಇಳಿಬಿಟ್ಟು ಕೂರುವ ಕಟ್ಟೆಯ ಎತ್ತರ ಸುಮಾರು 45 ಸೆಂ.ಮೀ. ಈ ಸಂಖ್ಯೆಗಳನ್ನು ಪುಸ್ತಕದಿಂದ ಓದಿ ತಿಳಿಯುವುದಕ್ಕೂ, ನಿಮ್ಮ ಮೊಣಕಾಲು, ಸೊಂಟ, ಭುಜಗಳಿಗೆ ಹೋಲಿಸಿ ತಿಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ, ಎರಡನೆಯದು ಮರೆತುಹೋಗುವುದಿಲ್ಲ.

ಸಾಧ್ಯವಿದ್ದರೆ ಒಂದು ನವರಂಗಕ್ಕೆ ಹೋಗಿ ಬನ್ನಿ. ಬೇಲೂರು, ಸೋಮನಾಥಪುರ, ದೊಡ್ಡಗದ್ದವಳ್ಳಿ, ಯಾವುದಾದರೂ ಆಗಬಹುದು. ಶಿಲ್ಪಗಳನ್ನು ಸ್ವಲ್ಪ ಹೊತ್ತು ಮರೆತು, ಬಾಗಿಲಿನಿಂದ ಗರ್ಭಗುಡಿಯವರೆಗೆ ಎಷ್ಟು ಹೆಜ್ಜೆ, ನಡುವಿನ ಅಂಕಣಕ್ಕೂ ಸುತ್ತಲಿನ ಎಂಟಕ್ಕೂ ಎತ್ತರದಲ್ಲಿ, ಬೆಳಕಿನಲ್ಲಿ ಏನು ವ್ಯತ್ಯಾಸ, ನಡುವಿನ ಭುವನೇಶ್ವರಿ, ಅಂದರೆ ಕೆತ್ತನೆಯ ಚಾವಣಿ, ಎದ್ದು ಕಾಣುವಂತೆ ಏನೇನು ಮಾಡಿದ್ದಾರೆ ಎಂಬುದನ್ನಷ್ಟೇ ಗಮನಿಸಿ. ಒಂಬತ್ತು ಅಂಕಣಗಳೂ ಒಂದೇ ಬಗೆಯವಾಗಿರಬೇಕಿಲ್ಲ ಎಂಬುದನ್ನು ಅಲ್ಲಿ ನಿಮ್ಮ ಕಣ್ಣೇ ನಿಮಗೆ ಹೇಳುತ್ತದೆ.

ಹಂತ 2: ಸಾಮಗ್ರಿ ಮತ್ತು ನಿಯಮ

ಪ್ರತಿ ಅಂಕಣವನ್ನು 3 ಮೀ. × 3 ಮೀ. ಎಂದು ಇಟ್ಟುಕೊಳ್ಳೋಣ. ಇಡೀ ಜಾಲ 9 ಮೀ. × 9 ಮೀ. ಆಗುತ್ತದೆ. 1:50 ಪ್ರಮಾಣದಲ್ಲಿ ಅದು 18 ಸೆಂ.ಮೀ. ಚೌಕ, ಒಂದು ಅಂಕಣ 6 ಸೆಂ.ಮೀ., 3 ಮೀಟರ್ ಎತ್ತರದ ಗೋಡೆ 6 ಸೆಂ.ಮೀ. ಇದನ್ನು ಕೂರಿಸಲು 30 ಸೆಂ.ಮೀ. ಚೌಕದ ತಳ ಸಾಕು. 5 ಮಿ.ಮೀ. ದಪ್ಪದ ಫೋಮ್ ಬೋರ್ಡ್ ಈ ಪ್ರಮಾಣದಲ್ಲಿ 25 ಸೆಂ.ಮೀ. ಗೋಡೆಯಾಗುತ್ತದೆ, ಗಾರೆಯನ್ನೂ ಸೇರಿಸಿದರೆ ನಮ್ಮ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಗೆ ಅದು ಹೆಚ್ಚುಕಡಿಮೆ ಸರಿಹೊಂದುತ್ತದೆ. 5 ಮಿ.ಮೀ. ಚೌಕದ ಮರದ ಕಡ್ಡಿಗಳು ಕಂಬಗಳಾಗುತ್ತವೆ. ಮೂರಕ್ಕೆ ಮೂರು ಅಂಕಣಗಳ ಜಾಲಕ್ಕೆ ಒಟ್ಟು 16 ಕಂಬ ಬೇಕು.

ಗೋಡೆಯ ತುಂಡುಗಳನ್ನು ಕತ್ತರಿಸುವಾಗ ಒಂದು ಎಚ್ಚರಿಕೆ ಅಗತ್ಯ. ಅಂಕಣದ 6 ಸೆಂ.ಮೀ. ಎಂಬುದು ಕಂಬದ ಮಧ್ಯದಿಂದ ಮುಂದಿನ ಕಂಬದ ಮಧ್ಯಕ್ಕಿರುವ ಅಂತರ. ಆದ್ದರಿಂದ ಎರಡು ಕಂಬಗಳ ನಡುವೆ ಕೂರುವ ತುಂಡು 5.5 ಸೆಂ.ಮೀ. ಇರಬೇಕು. ನಾನು ಮೊದಲ ಬಾರಿ ಎಲ್ಲ ತುಂಡುಗಳನ್ನೂ 6 ಸೆಂ.ಮೀ. ಕತ್ತರಿಸಿ, ರಾತ್ರಿ ಎರಡು ಗಂಟೆಗೆ ಅಂಟಿಸಲು ಕುಳಿತಾಗ ಪ್ರತಿ ಅಂಕಣ ಅರ್ಧ ಸೆಂಟಿಮೀಟರ್ ಹಿಗ್ಗಿ, ಕೊನೆಯ ಸಾಲಿನ ಕಂಬಗಳು ಗೆರೆಯಿಂದ ಒಂದೂವರೆ ಸೆಂಟಿಮೀಟರ್ ಆಚೆ ಹೋಗಿ ನಿಂತವು. ಗೆರೆಯನ್ನು ನಂಬಬೇಕೋ ತುಂಡನ್ನು ನಂಬಬೇಕೋ ಎಂಬ ಪ್ರಶ್ನೆ ಕಟ್ಟಡದ ಸೈಟಿನಲ್ಲಿಯೂ ಏಳುತ್ತದೆಂದು ಬಹಳ ದಿನಗಳ ಮೇಲೆ ತಿಳಿಯಿತು.

ಕತ್ತರಿಸಲು ಕಟರ್, ಸ್ಟೀಲ್ ಸ್ಕೇಲ್, ಕಟಿಂಗ್ ಮ್ಯಾಟ್ ಇರಲೇಬೇಕು. ಒಂದೇ ಎಳೆತಕ್ಕೆ ಕತ್ತರಿಸದೆ, ಹಗುರವಾಗಿ ಮೂರು ಬಾರಿ ಎಳೆಯಿರಿ. ಅಲಗು ಮೊಂಡಾದ ಕೂಡಲೇ ತುದಿಯನ್ನು ಮುರಿದು ಹೊಸದನ್ನು ಮುಂದೆ ತನ್ನಿ, ಇಲ್ಲದಿದ್ದರೆ ಫೋಮಿನ ಅಂಚು ಹರಿದು ಹಲ್ಲುಹಲ್ಲಾಗುತ್ತದೆ. ಫೋಮ್ ಬೋರ್ಡಿಗೆ ಫೆವಿಕಾಲ್ ಬಳಸಿ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ ನಿಜ, ಆದರೆ ಫೋಮನ್ನು ತಿಂದುಹಾಕಬಲ್ಲದು, ಆಕ್ರಿಲಿಕ್ ಹಾಳೆಯ ಮೇಲಾದರೆ ಬಿಳಿಯ ಮಸುಕು ಬಿಡುತ್ತದೆ.

ಇನ್ನು ನಿಯಮ. ಜಾಲದಲ್ಲಿ ಗೋಡೆ ನಿಲ್ಲಬಹುದಾದ ಅಂಚುಗಳು ಒಟ್ಟು 24: ಹೊರಸುತ್ತಿನಲ್ಲಿ 12, ಒಳಗೆ 12. ನಿಮಗೆ ಕೊಟ್ಟಿರುವುದು 12 ಗೋಡೆಗಳು ಮಾತ್ರವೆಂದು ಎಣಿಸಿಕೊಳ್ಳಿ. ಪೂರ್ಣ ಎತ್ತರದ ಗೋಡೆಯನ್ನು 90 ಸೆಂ.ಮೀ. ಎತ್ತರದ, ಅಂದರೆ ಮಾದರಿಯಲ್ಲಿ 1.8 ಸೆಂ.ಮೀ.ನ ಅಡ್ಡಗೋಡೆಗೋ, 45 ಸೆಂ.ಮೀ. ಎತ್ತರದ, ಅಂದರೆ 9 ಮಿ.ಮೀ.ನ ಕಟ್ಟೆಗೋ ಬದಲಾಯಿಸಿಕೊಳ್ಳಬಹುದು, ಆದರೆ ಎಣಿಕೆ ಮೀರುವಂತಿಲ್ಲ. ನಿಮ್ಮ ಶಿಕ್ಷಕರು ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಏನೂ ಕೊಡದಿದ್ದರೆ ನೀವೇ ಹಾಕಿಕೊಳ್ಳಿ. ಗೋಡೆಗೆ ಬರವಿದ್ದಾಗ ಪ್ರತಿಯೊಂದನ್ನೂ ಎಲ್ಲಿ ನಿಲ್ಲಿಸಿದೆ, ಏಕೆ ನಿಲ್ಲಿಸಿದೆ ಎಂಬುದಕ್ಕೆ ಕಾರಣ ಹುಡುಕಲೇಬೇಕಾಗುತ್ತದೆ.

ಹಂತ 3: ಹನ್ನೆರಡು ಅವಸರದ ಮಾದರಿಗಳು

ಮೇಲಿನ ಸಾಮಗ್ರಿಯನ್ನು ಪಕ್ಕಕ್ಕಿಟ್ಟು, 1:100 ಪ್ರಮಾಣದಲ್ಲಿ, ಅಂದರೆ 9 ಸೆಂ.ಮೀ. ಚೌಕದಲ್ಲಿ, ದಪ್ಪ ಕಾಗದದಿಂದ ಹನ್ನೆರಡು ಸಣ್ಣ ಮಾದರಿಗಳನ್ನು ಮಾಡಿ. ಒಂದೊಂದಕ್ಕೆ 20 ನಿಮಿಷ ಸಾಕು. ಹಳೆಯ ಲಗ್ನಪತ್ರಿಕೆಯ ಕಾಗದ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಪ್ರತಿ ಮಾದರಿಯಲ್ಲಿ ಒಂದೇ ಒಂದು ವಿಚಾರವನ್ನು ಪರೀಕ್ಷಿಸಬೇಕು. ಎರಡು ವಿಚಾರ ಬಂದರೆ ಎರಡು ಮಾದರಿ ಮಾಡಬೇಕು. ಯಾವ ವಿಚಾರಗಳೆಂದು ತೋಚದಿದ್ದರೆ ಈ ಐದರಿಂದ ತೊಡಗಬಹುದು.

ನಡುವನ್ನು ಬರಿದು ಮಾಡುವುದು ಮೊದಲನೆಯದು. ತೊಟ್ಟಿ ಮನೆಯಲ್ಲಿ ನಡುವಿನ ಅಂಕಣಕ್ಕೆ ಸೂರಿಲ್ಲ; ಮಳೆ, ಬೆಳಕು, ಗಾಳಿ ಅಲ್ಲಿಂದಲೇ ಇಳಿಯುತ್ತವೆ, ಸುತ್ತಲಿನ ಪಡಸಾಲೆ, ಕೋಣೆ, ಅಡುಗೆಮನೆಗಳೆಲ್ಲ ಅದರತ್ತ ಮುಖ ಮಾಡಿರುತ್ತವೆ. ಮನೆಯ ಅತ್ಯಂತ ಮುಖ್ಯವಾದ ಭಾಗ ಏನೂ ಕಟ್ಟದೆ ಬಿಟ್ಟ ಭಾಗ.

ಎರಡನೆಯದು ಇದರ ವಿಲೋಮ. ನಡುವನ್ನು ಮುಚ್ಚಿ, ಸುತ್ತಲಿನ ಎಂಟು ಅಂಕಣಗಳನ್ನು ನಡೆಯುವ ದಾರಿಯಾಗಿಸುವುದು. ಪ್ರದಕ್ಷಿಣ ಪಥವಿರುವ ಗರ್ಭಗುಡಿ ಇದೇ ತತ್ತ್ವದ್ದು. ಒಂದೇ ಜಾಲ, ಗೋಡೆಗಳು ಹೆಚ್ಚುಕಡಿಮೆ ಅಷ್ಟೇ, ಆದರೆ ಮನುಷ್ಯನ ನಡಿಗೆ ಪೂರ್ತಿ ಬೇರೆ. ಈ ಎರಡು ಮಾದರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡದೆ ಮುಂದೆ ಹೋಗಬೇಡಿ.

ಮೂರನೆಯದು ಜರುಗಿಸುವುದು. ಜೈಪುರದಲ್ಲಿ ಚಾರ್ಲ್ಸ್ ಕೊರಿಯಾ ಅವರು ರಚಿಸಿದ ಜವಾಹರ್ ಕಲಾ ಕೇಂದ್ರ ಒಂಬತ್ತು ಚೌಕಗಳ ಕಟ್ಟಡ. ಒಂದೊಂದು ಚೌಕವೂ 30 ಮೀಟರ್. ಜೈಪುರ ನಗರದ ಮೂಲ ಯೋಜನೆಯಲ್ಲಿ ಬೆಟ್ಟ ಅಡ್ಡ ಬಂದು ಒಂದು ಚೌಕ ಸ್ಥಾನ ತಪ್ಪಿದ್ದನ್ನು ನೆನಪಿಸುವಂತೆ, ಇಲ್ಲಿಯೂ ಒಂದು ಚೌಕವನ್ನು ಸಾಲಿನಿಂದ ಸರಿಸಿ, ಆ ಸಂದಿನಲ್ಲಿಯೇ ಪ್ರವೇಶವನ್ನು ಮಾಡಿದ್ದಾರೆ. ನಡುವಿನ ಚೌಕ ಬಯಲು. ಒಂದು ಚೌಕ ಜರುಗಿದ್ದರಿಂದ ಉಳಿದ ಎಂಟರ ಶಿಸ್ತು ಎಷ್ಟು ಗಟ್ಟಿಯಾಗಿ ಕಾಣುತ್ತದೆಂಬುದನ್ನು ಅದರ ಪ್ಲಾನ್ ನೋಡಿ ತಿಳಿಯಬಹುದು.

ನಾಲ್ಕನೆಯದು ತಿರುಗಿಸುವುದು. ಸೋಮನಾಥಪುರದ ವಿಮಾನಗಳ (ಶಿಖರವನ್ನು ಹೊತ್ತ ಗರ್ಭಗುಡಿಗಳ) ಹದಿನಾರು ಮೂಲೆಗಳ ನಕ್ಷತ್ರದ ತಳವನ್ನು ನೀವೇ ಬರೆಯಬಹುದು: ಒಂದು ಚೌಕವನ್ನು ಅದರ ಕೇಂದ್ರದ ಮೇಲೆ 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಚೌಕಗಳನ್ನು ಒಂದರ ಮೇಲೊಂದು ಬರೆದರೆ ಹದಿನಾರು ಮೂಲೆಗಳು ಬರುತ್ತವೆ. ಅಭ್ಯಾಸದಲ್ಲಿ ಒಂದು ಅಂಕಣವನ್ನು ಹಾಗೆ ತಿರುಗಿಸಿದಾಗ ಅದರ ಸುತ್ತ ಉಳಿಯುವ ತ್ರಿಕೋನದ ಸಂದುಗಳನ್ನು ಏನು ಮಾಡುವಿರಿ ಎಂಬುದೇ ನಿಜವಾದ ಪ್ರಶ್ನೆ. ಹೆಚ್ಚಿನವರು ಅಲ್ಲಿ ಗಿಡ ಬರೆದು ತಪ್ಪಿಸಿಕೊಳ್ಳುತ್ತಾರೆ.

ಐದನೆಯದು ಕೊರೆಯುವುದು. ಬಾದಾಮಿಯ ಗುಹಾಲಯಗಳಲ್ಲಿ ಒಂದು ಕಲ್ಲನ್ನೂ ಜೋಡಿಸಿಲ್ಲ, ಬಂಡೆಯಿಂದ ಬೇಡವಾದುದನ್ನು ತೆಗೆದಿದ್ದಾರೆ. ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಕಂಬ, ತೊಲೆ, ಬೋದಿಗೆಗಳೆಲ್ಲ ಇವೆ, ಆದರೆ ಯಾವುದೂ ತಂದು ನಿಲ್ಲಿಸಿದ್ದಲ್ಲ, ಉಳಿಸಿಕೊಂಡದ್ದು. ಇದನ್ನು ಅಭ್ಯಾಸ ಮಾಡಲು ಬಟ್ಟೆ ಸೋಪಿನ ಒಂದು ಬಾರ್ ಸಾಕು. ಅದರಲ್ಲಿ ಒಂಬತ್ತು ಅಂಕಣಗಳನ್ನು ಗುರುತು ಮಾಡಿ, ಚಾಕುವಿನಿಂದ ಒಂದೊಂದಾಗಿ ಕೊರೆಯುತ್ತ ಹೋಗಿ. ಬೋರ್ಡಿನಲ್ಲಿ ಗೋಡೆ ಕೂಡಿಸುವಾಗ ಎಂದೂ ಹೊಳೆಯದ ಸಂಗತಿಯೊಂದು ಇಲ್ಲಿ ಕೈಗೆ ತಗಲುತ್ತದೆ: ತೆರಪಿಗೂ ಒಂದು ಗಾತ್ರವಿದೆ, ಅದನ್ನು ಹೊರತೆಗೆಯಲು ಶ್ರಮ ಬೇಕು.

ಹನ್ನೆರಡೂ ಮುಗಿದ ಮೇಲೆ ಪ್ರತಿಯೊಂದರ ತಳಕ್ಕೆ ಸಂಖ್ಯೆ, ದಿನಾಂಕ, ಒಂದು ವಾಕ್ಯ ಬರೆಯಿರಿ. ಚೆನ್ನಾಗಿಲ್ಲವೆಂದು ಯಾವುದನ್ನೂ ಎಸೆಯಬೇಡಿ.

ಹಂತ 4: ತೆರಪನ್ನು ಎರಕ ಹೊಯ್ಯುವುದು

ಇಡೀ ಅಭ್ಯಾಸದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಹಂತವಿದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹನ್ನೆರಡರಲ್ಲಿ ನಿಮಗೆ ಮೆಚ್ಚುಗೆಯಾದ ಎರಡನ್ನು ಆಯ್ದು, ಮೊದಲು ಅವುಗಳ ಪ್ಲಾನನ್ನು ಕಪ್ಪು ಶಾಯಿಯಲ್ಲಿ ಎರಡು ಬಗೆಯಲ್ಲಿ ಬರೆಯಿರಿ: ಒಂದರಲ್ಲಿ ಗೋಡೆ ಕಪ್ಪು, ತೆರಪು ಬಿಳಿ, ಇನ್ನೊಂದರಲ್ಲಿ ಗೋಡೆ ಬಿಳಿ, ತೆರಪು ಕಪ್ಪು. ಎರಡನೆಯ ಚಿತ್ರದಲ್ಲಿ ಕಪ್ಪು ಭಾಗಕ್ಕೆ ತನ್ನದೇ ಆದ ಸ್ಪಷ್ಟ ಆಕಾರವಿದೆಯೇ, ಅಥವಾ ಅದು ಚೆಲ್ಲಿದ ಶಾಯಿಯಂತೆ ಎಲ್ಲೆಂದರಲ್ಲಿ ಹರಿದಿದೆಯೇ ಎಂದು ನೋಡಿ.

ನಂತರ ಆ ತೆರಪನ್ನೇ ಘನವಾಗಿಸಿ. 1:100 ಪ್ರಮಾಣದ ಮಾದರಿಯನ್ನು ಫೋಮ್ ಬೋರ್ಡಿನಲ್ಲಿ ಮತ್ತೆ ಕಟ್ಟಿ, ಒಳಮೈ ಮತ್ತು ಅಂಚುಗಳಿಗೆಲ್ಲ ಪ್ಯಾಕಿಂಗ್ ಟೇಪ್ ಅಂಟಿಸಿ, ಹೊರಗೆ ತೆರೆದಿರುವ ಬಾಗಿಲು ಕಿಟಕಿಗಳನ್ನು ಟೇಪಿನಿಂದ ಮುಚ್ಚಿ, ಒಳಗೆ ತೆಳುವಾಗಿ ಅಡುಗೆ ಎಣ್ಣೆ ಸವರಿ. 9 × 9 × 3 ಸೆಂ.ಮೀ. ಪೆಟ್ಟಿಗೆಯ ಒಟ್ಟು ಗಾತ್ರ 243 ಘನ ಸೆಂ.ಮೀ., ಅಂದರೆ ಕಾಲು ಲೀಟರಿಗಿಂತ ಕಡಿಮೆ. ಒಂದು ಅಳತೆ ನೀರಿಗೆ ಸುಮಾರು ಎರಡು ಅಳತೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು, ಪುಡಿಗೆ ನೀರು ಸುರಿಯದೆ ನೀರಿಗೆ ಪುಡಿ ಉದುರಿಸುತ್ತ, ದೋಸೆ ಹಿಟ್ಟಿನ ಹದಕ್ಕೆ ಕಲಸಿ ಒಡನೆಯೇ ಹೊಯ್ಯಿರಿ. ಪೆಟ್ಟಿಗೆಯನ್ನು ಮೇಜಿನ ಮೇಲೆ ಮೆಲ್ಲಗೆ ಕುಟ್ಟಿದರೆ ಗುಳ್ಳೆಗಳು ಮೇಲೆ ಬರುತ್ತವೆ. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗತೊಡಗುತ್ತದೆ; ಒಂದು ಗಂಟೆ ಬಿಟ್ಟು ಬೋರ್ಡನ್ನು ಹರಿದು ತೆಗೆಯಿರಿ. ಉಳಿದ ಪ್ಲಾಸ್ಟರನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯೊಳಗೂ ಅದು ಗಟ್ಟಿಯಾಗುತ್ತದೆ.

ಗೋಡೆಗಳಿದ್ದಲ್ಲಿ ಸೀಳುಗಳು, ಬಾಗಿಲುಗಳಿದ್ದಲ್ಲಿ ಕೋಣೆಗಳನ್ನು ಬೆಸೆಯುವ ಕುತ್ತಿಗೆಗಳು, ಎತ್ತರದ ಸೂರಿದ್ದಲ್ಲಿ ಉಬ್ಬುಗಳು, ಹೀಗೆ ನೀವು ವಿನ್ಯಾಸ ಮಾಡಿದ ಅವಕಾಶ ನಿಮ್ಮ ಅಂಗೈಯಲ್ಲಿ ಕೂತಿರುತ್ತದೆ. ಅದು ಬರಿಯ ಒಂದು ಗಟ್ಟಿಯಂತೆ ಕಂಡರೆ ನಿಮ್ಮ ಒಂಬತ್ತು ಅಂಕಣಗಳ ನಡುವೆ ಭೇದವೇ ಇಲ್ಲವೆಂದು ಅರ್ಥ. ಬಿಡಿಬಿಡಿ ತುಂಡುಗಳಾಗಿ ಕಳಚಿಕೊಂಡರೆ ಅಂಕಣಗಳ ನಡುವೆ ಸಂಬಂಧವಿಲ್ಲವೆಂದು ಅರ್ಥ. ಎರಡೂ ತಿದ್ದಬಹುದಾದ ದೋಷಗಳೇ; ಮತ್ತೆ ಹಂತ 3ಕ್ಕೆ ಹೋಗಿ ಇನ್ನೆರಡು ಮಾದರಿ ಮಾಡಿ.

ಹಂತ 5: ಬೆಳಕು

ಈಗ 1:50 ಮಾದರಿಯನ್ನು ಅಂಟಿಸದೆ, ಟೇಪು ಮತ್ತು ಗುಂಡುಸೂಜಿಗಳಿಂದ ನಿಲ್ಲಿಸಿ, ಉತ್ತರ ದಿಕ್ಕನ್ನು ಗುರುತು ಮಾಡಿ, ಬೆಳಗ್ಗೆ ಎಂಟು, ಮಧ್ಯಾಹ್ನ ಹನ್ನೆರಡೂವರೆ, ಸಂಜೆ ನಾಲ್ಕು ಗಂಟೆಗೆ ಮಾಳಿಗೆಯ ಮೇಲಿಟ್ಟು ನೋಡಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಇವೆರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಯುರೋಪಿನ ಪುಸ್ತಕಗಳನ್ನು ಓದಿ ‘ಉತ್ತರದ ಗೋಡೆಗೆ ಬಿಸಿಲು ತಾಗದು’ ಎಂದು ಜ್ಯೂರಿಯಲ್ಲಿ ಹೇಳಿದವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯನ ಎತ್ತರ ಸುಮಾರು 53.5 ಡಿಗ್ರಿ, ಆಗ 3 ಮೀಟರ್ ಗೋಡೆಯ ನೆರಳು ಉತ್ತರಕ್ಕೆ ಸುಮಾರು 2.2 ಮೀಟರ್, ಮಾದರಿಯಲ್ಲಿ 4.4 ಸೆಂ.ಮೀ. ಬೀಳುತ್ತದೆ. ಕೋಣೆಯೊಳಗೆ ಇದನ್ನು ಪರೀಕ್ಷಿಸಬೇಕಾದರೆ ಮಾದರಿಯ ದಕ್ಷಿಣಕ್ಕೆ ಒಂದು ಮೀಟರ್ ದೂರದಲ್ಲಿ, 1.35 ಮೀಟರ್ ಎತ್ತರದಲ್ಲಿ ಟಾರ್ಚ್ ಹಿಡಿಯಬಹುದು. ಟಾರ್ಚಿನ ಕಿರಣಗಳು ಹರಡಿಕೊಳ್ಳುವುದರಿಂದ ಅದು ಅಂದಾಜು ಮಾತ್ರ.

ಬೆಳಕನ್ನು ಅರಿಯಲು ಮಾದರಿಯೊಳಗೆ ಕಣ್ಣಿಡಬೇಕು. ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಅದರ ಕ್ಯಾಮೆರಾ ನೆಲಕ್ಕೆ ಹತ್ತಿರ ಬರುತ್ತದೆ. ನಿಂತ ಮನುಷ್ಯನ ಕಣ್ಣಿನ ಎತ್ತರ 1.6 ಮೀಟರ್ ಎಂದರೆ ಮಾದರಿಯಲ್ಲಿ 3.2 ಸೆಂ.ಮೀ.; ಆ ಎತ್ತರದಿಂದ ಚಿತ್ರ ತೆಗೆಯಿರಿ. ಮೇಲಿನಿಂದ ನೋಡಿದಾಗ ಸುಂದರವಾಗಿದ್ದ ಎಷ್ಟೋ ಜೋಡಣೆಗಳು ಈ ಎತ್ತರದಲ್ಲಿ ಅರ್ಥ ಕಳೆದುಕೊಳ್ಳುತ್ತವೆ, ಏಕೆಂದರೆ ಹಕ್ಕಿಗೆ ಕಾಣುವ ಪ್ಲಾನ್ ಒಳಗೆ ನಿಂತವನಿಗೆ ಕಾಣುವುದಿಲ್ಲ.

ಹಂತ 6: ನಡಿಗೆ

3.3 ಸೆಂ.ಮೀ. ಎತ್ತರದ ಕಾಗದದ ಮನುಷ್ಯನನ್ನು ಪ್ರವೇಶದಿಂದ ಕೊನೆಯ ಅಂಕಣದವರೆಗೆ ನಡೆಸಿ, ಆರು ಕಡೆ ನಿಲ್ಲಿಸಿ, ಆರು ಸಣ್ಣ ಚಿತ್ರ ಬರೆಯಿರಿ. ಒಂದರ ನಂತರ ಒಂದು ನೋಡಿದಾಗ ಇಕ್ಕಟ್ಟು ವಿಶಾಲವಾಗುವುದು, ಕತ್ತಲು ಬೆಳಕಾಗುವುದು, ಮುಂದಿನದು ಅರ್ಧ ಕಂಡು ಅರ್ಧ ಮರೆಯಾಗಿರುವುದು ಇವುಗಳಲ್ಲಿ ಒಂದಾದರೂ ಇರಬೇಕು. ಬೆಂಗಳೂರಿನಲ್ಲಿ ಇದನ್ನು ಕಲಿಯಲು ಬಾಲಕೃಷ್ಣ ದೋಶಿ ಅವರು ರಚಿಸಿದ ಐಐಎಂ ಆವರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಫತೇಪುರ್ ಸಿಕ್ರಿಯಿಂದ ಸ್ಫೂರ್ತಿ ಪಡೆದ ಆ ಆವರಣದಲ್ಲಿ ತರಗತಿಗಳಷ್ಟೇ ಗಮನ ಸೆಳೆಯುವುದು ಅವುಗಳ ನಡುವಿನ ಓಣಿಗಳು: ಒರಟು ಗ್ರಾನೈಟ್ ಗೋಡೆ, ಮೇಲೆ ಕೆಲವೆಡೆ ಸೂರು, ಕೆಲವೆಡೆ ತೊಲೆಗಳ ಸಾಲು, ಕೆಲವೆಡೆ ಬರಿಯ ಆಕಾಶ. ಅಹಮದಾಬಾದಿನ ಸಾಬರಮತಿ ಆಶ್ರಮದಲ್ಲಿ ಕೊರಿಯಾ ಅವರು 1963ರಲ್ಲಿ ಮುಗಿಸಿದ ಗಾಂಧಿ ಸ್ಮಾರಕ ಸಂಗ್ರಹಾಲಯದ ಪ್ಲಾನನ್ನೂ ನೋಡಿ. ಅಲ್ಲಿ 6 ಮೀಟರ್ ಚೌಕದ ಅಂಕಣಗಳಲ್ಲಿ ಕೆಲವು ಮುಚ್ಚಿದವು, ಕೆಲವು ತೆರೆದವು, ಒಂದು ನೀರಿನದು.

ಹಂತ 7: ರೇಖಾಚಿತ್ರ

ಎ2 ಹಾಳೆಯೊಂದರಲ್ಲಿ 1:50 ಪ್ರಮಾಣದ ಪ್ಲಾನ್, ಎರಡು ಸೆಕ್ಷನ್ (ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿ ತೋರಿಸುವ ಚಿತ್ರ), ಆರು ನಡಿಗೆಯ ಚಿತ್ರಗಳು ಹಿಡಿಸುತ್ತವೆ. ಪ್ಲಾನನ್ನು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಕತ್ತರಿಸಿದಂತೆ ಬರೆಯಿರಿ. ಕತ್ತರಿಸಿದ ಗೋಡೆಗೆ 0.6ರ ಪೆನ್, ಆಚೆ ಕಾಣುವ ಅಂಚಿಗೆ 0.3, ನೆಲದ ಗೆರೆಗಳಿಗೆ 0.1. ಈ ಮೂರು ದಪ್ಪಗಳ ಭೇದವಿಲ್ಲದ ಚಿತ್ರದಲ್ಲಿ ಗೋಡೆ ಯಾವುದು, ನೆಲದ ಕಲ್ಲಿನ ಸಂದು ಯಾವುದು ಎಂದು ತಿಳಿಯದು. ಅವಕಾಶದ ಎತ್ತರ ತಗ್ಗುಗಳನ್ನು ಹೇಳುವುದು ಸೆಕ್ಷನ್ ಆದ್ದರಿಂದ ಅದಕ್ಕೆ ಪ್ಲಾನಿಗಿಂತ ಹೆಚ್ಚು ಸಮಯ ಕೊಡಿ, ಅತಿ ಹೆಚ್ಚು ವ್ಯತ್ಯಾಸವಿರುವ ಕಡೆಯೇ ಕತ್ತರಿಸಿ, ಒಳಗೆ ಮನುಷ್ಯರನ್ನು ಬರೆಯಿರಿ.

ಹಂತ 8: ಜ್ಯೂರಿ

ಅಂತಿಮ ಮಾದರಿಯನ್ನು ಬಿಳಿ ಅಥವಾ ಬೂದು, ಒಂದೇ ಬಣ್ಣದಲ್ಲಿ ಮಾಡಿ. ಹುಲ್ಲು, ಕಾರು, ಬಣ್ಣದ ಕಾಗದಗಳಿಂದ ಗಮನ ಚದುರುತ್ತದೆ. ಮಾತು ಮೂರು ವಾಕ್ಯಗಳಲ್ಲಿ ಮುಗಿಯಲಿ: ಯಾವ ನಿಯಮ ಹಾಕಿಕೊಂಡೆ, ಯಾವ ಅಂಕಣವನ್ನು ಮುಖ್ಯವೆಂದು ತಿಳಿದೆ, ಅದಕ್ಕಾಗಿ ಉಳಿದವುಗಳಲ್ಲಿ ಏನನ್ನು ಬಿಟ್ಟುಕೊಟ್ಟೆ. ಹನ್ನೆರಡು ಸಣ್ಣ ಮಾದರಿಗಳನ್ನೂ ಪ್ಲಾಸ್ಟರಿನ ಎರಕವನ್ನೂ ಸಾಲಾಗಿ ಜೋಡಿಸಿಡಿ, ಏಕೆಂದರೆ ‘ಬೇರೆ ಬಗೆ ಯೋಚಿಸಲಿಲ್ಲವೇ’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಆಗ ಕೈ ತೋರಿಸಿದರೆ ಸಾಕು.

ಬಸ್ಸಿನಲ್ಲಿ ಬರುವವರು 30 ಸೆಂ.ಮೀ. ತಳ ಹಿಡಿಸುವ ರಟ್ಟಿನ ಪೆಟ್ಟಿಗೆಯನ್ನು ಹಿಂದಿನ ವಾರವೇ ಹುಡುಕಿಡಬೇಕು. ತಳವನ್ನು ಪೆಟ್ಟಿಗೆಗೆ ಟೇಪಿನಿಂದ ಬಿಗಿದು, ಅದರೊಳಗೆ ಒಂದು ಕಟರ್, ಸಣ್ಣ ಫೆವಿಕಾಲ್, ನಾಲ್ಕು ಹೆಚ್ಚುವರಿ ಕಂಬ ಮತ್ತು 5.5 ಸೆಂ.ಮೀ. ಅಗಲದ ಎರಡು ಗೋಡೆಗಳನ್ನು ಇಟ್ಟುಕೊಳ್ಳಿ.